ಮಾಳವ್ವನ ಉಪ್ಪಿನಕಾಯಿ ಬರಣಿ

ಮಾಲು ನೋಡುವ ಹಾಗೆ ನೋಡಿದರೆ ಕೊರ್ಲಹಳ್ಳಿಯ ಮಾಳವ್ವ ಕಣ್ಣಿಗೆ ಹೊಡೆಯುವ ಸರಕಲ್ಲ. ಎತ್ತರ ಕಡಿಮೆ, ತೂಕ ಅದಕ್ಕಿಂತ ಕಡಿಮೆ. ಬಿಸಿಲಿಗೆ ಚೆನ್ನಾಗಿ ಒಣಗಿದ್ದು, ತೇವವಿಲ್ಲ. ಕೈಹಾಕಿ ನೋಡಿದರೆ ಕಸ, ಕಲ್ಲು, ಬೆರಕೆ ಯಾವುದೂ ಸಿಗುವುದಿಲ್ಲ. ಎಷ್ಟು ಮಳೆಗಾಲ ಕಳೆದರೂ ಮುಗ್ಗಲು ಹಿಡಿಯದ ಜಾತಿ. ದೋಷ ಒಂದೇ: ಇಟ್ಟಲ್ಲಿ ಇರುವುದಿಲ್ಲ.

ಮುಂಡರಗಿಯ ನನ್ನ ಬೀಜದ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಒಂದು ಸ್ಟೂಲು ಇದೆ. ಮಾಳವ್ವ ಬಂದರೆ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಅದಿದ್ದ ಜಾಗದಲ್ಲಿ ತಾನು ನಿಲ್ಲುತ್ತಾಳೆ. ನಿಂತಲ್ಲೂ ನಿಲ್ಲುವುದಿಲ್ಲ. ಒಂದು ಚೀಲದ ಬಾಯಿ ಬಿಚ್ಚುತ್ತಾಳೆ, ಹಿಡಿ ಕಾಳು ತೆಗೆದು ಊದುತ್ತಾಳೆ, ಅಷ್ಟರಲ್ಲಿ ಇನ್ನೊಂದು ಚೀಲದ ಹತ್ತಿರ ಹೋಗಿರುತ್ತಾಳೆ.

"ಕುಂಡ್ರಬೇ ಮಾಳವ್ವಾ, ಸ್ಟೂಲಿಗೂ ಬ್ಯಾಸರ ಬಂದೈತಿ."

"ನೀವು ಕುಂತೀರಲ್ಲ ಸಾವಕಾರ್ರ. ಇಬ್ಬರೂ ಕುಂತ್ರ ಅಂಗಡಿ ನಡಸಾವ್ರು ಯಾರು?"

ಆಕೆಯ ಗಂಡ ಗವಿಸಿದ್ದೇಶ ವರ್ಷದ ಬಹುಪಾಲು ಕುರಿ ಹಿಂಡಿನ ಹಿಂದೆ. ಹಿಂಡು ಯಾವ ಸೀಮೆಯಲ್ಲಿದೆ ಎಂಬುದು ಅವನ ಫೋನು ಹತ್ತಿದ ದಿನ ಮಾತ್ರ ಗೊತ್ತಾಗುತ್ತದೆ. ಮನೆಯಲ್ಲಿ ಇರುವವರು ಅತ್ತೆ ಮುದುಕವ್ವ ಮತ್ತು ಮೈದುನ ಬೀರಲಿಂಗಪ್ಪ. ಹೊಲ ಹೊಳೆಯ ದಂಡೆಗಿದೆ, ಮುದುಕವ್ವನ ಹೆಸರಿನಲ್ಲಿದೆ. ದಂಡೆಯ ಮಣ್ಣು ಇಟ್ಟಂಗಿಗೆ ಬಹಳ ಚಲೋ ಬರುತ್ತದೆ. ಅದೇ ಆ ಹೊಲದ ದುರ್ದೈವ. ಇಟ್ಟಿಗೆ ಭಟ್ಟಿಯವನೊಬ್ಬ ಬೀರಲಿಂಗಪ್ಪನ ಬೆನ್ನು ಹತ್ತಿದ್ದ. ಸೊಂಟದ ಮಟ್ಟದವರೆಗೆ ಮಣ್ಣು ಎತ್ತಿಕೊಂಡು ಹೋಗುತ್ತೇನೆ, ನೀವು ಕೈ ಕೆಸರು ಮಾಡಿಕೊಳ್ಳುವುದೇ ಬೇಡ ಎಂದಿದ್ದ. ಬೀರಲಿಂಗಪ್ಪನಿಗೆ ಆ ಮಾತು ಜೇನಿನ ಹಾಗೆ ಕೇಳಿಸಿತು. ಮಾಳವ್ವನಿಗೆ ಯಾರೋ ಮೈಮೇಲಿನ ಚರ್ಮ ಕೇಳಿದ ಹಾಗಾಯಿತು.

ಮನೆಯಲ್ಲಿ ವಾದ ಬೆಳೆದು ಮುದುಕವ್ವ ತೀರ್ಪು ಕೊಟ್ಟಳು. ಈ ಒಂದು ಬೆಳೆ ಮಾಳವ್ವನದು. ಒಳ್ಳೆಯ ಕಾಳು ಬಂದರೆ ಹೊಲ ಹೊಲವಾಗಿಯೇ ಉಳಿಯುತ್ತದೆ. ಬರದಿದ್ದರೆ ಮಣ್ಣು ಭಟ್ಟಿಗೆ ಹೋಗುತ್ತದೆ.

ತೀರ್ಪಿನ ಮರುದಿನವೇ ಮಾಳವ್ವ ನನ್ನ ಅಂಗಡಿಯಲ್ಲಿದ್ದಳು.

"ಸೆಣಬಿನ ಬೀಜ ಕೊಡ್ರಿ. ಬೆಳದ ಕಾಳು ನೀವ ತಗೋಬೇಕ ಮತ್ತ."

"ಸೆಣಬು ಯಾಕಬೇ? ಮೆಕ್ಕೆಜೋಳ ಹಾಕು, ಎಲ್ಲಾರೂ ಹಾಕ್ಯಾರ."

"ಹೊಲ ದಣದೈತ್ರಿ. ಸೆಣಬು ಮಣ್ಣಿಗೂ ಉಣಸ್ತೈತಿ, ನಮಗೂ ಉಣಸ್ತೈತಿ. ಮೆಕ್ಕೆಜೋಳ ತಾನಷ್ಟ ಉಣತೈತಿ."

ಅದು ಖರೆ. ಸೆಣಬನ್ನು ಹೂವಿಗೆ ಬಂದಾಗ ಹರಗಿ ಮಣ್ಣಿಗೆ ಸೇರಿಸಿದರೆ ಹಸಿರು ಗೊಬ್ಬರ. ಈಗ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ರೈತರೂ ಅದನ್ನು ಕೇಳಿಕೊಂಡು ಬರುತ್ತಾರೆ. ಬೀಜ ಮಾತ್ರ ಯಾರೂ ಬೆಳೆಯುವುದಿಲ್ಲ. ನನಗೂ ಬೇಕಾಗಿತ್ತು. ಆದರೆ ಬೇಕು ಎನ್ನುವುದನ್ನು ಮುಖದ ಮೇಲೆ ತೋರಿಸಿದರೆ ವ್ಯಾಪಾರ ಯಾಕೆ ಮಾಡಬೇಕು? ಕಾಳು ಗಟ್ಟಿ ಇರಬೇಕು, ತೂತು ಬಿದ್ದದ್ದು ಮುಟ್ಟುವುದಿಲ್ಲ ಎಂದು ಮುಖ ಗಂಟುಹಾಕಿ ಹೇಳಿ ಬೀಜ ಅಳೆದುಕೊಟ್ಟೆ.

ಬೆಳೆ ಹೂವಿಗೆ ಬಂದಾಗ ನೋಡಲು ಹೋದೆ. ಕೊಳ್ಳುವ ಮಾಲನ್ನು ಗಿಡದಲ್ಲಿದ್ದಾಗಲೇ ಒಮ್ಮೆ ಮುಖ ನೋಡಿ ಬರುವುದು ನಮ್ಮ ರೂಢಿ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಆ ದಿನ ತಲೆ ಕೆಟ್ಟಂತೆ ತಿರುಗುತ್ತಿದ್ದವು. ಆಳೆತ್ತರ ಬೆಳೆದ ಸೆಣಬು ಹಳದಿ ಹೂವು ಹೊತ್ತು ಒಂದು ಗಳಿಗೆಯೂ ಸುಮ್ಮನಿರದೆ ಅತ್ತಿತ್ತ ಹೊಯ್ದಾಡುತ್ತಿತ್ತು. ಬದುವಿನ ಮೇಲೆ ಭಟ್ಟಿಯವನ ಟ್ರ್ಯಾಕ್ಟರ್ ಆಗಲೇ ಬಂದು ನಿಂತಿತ್ತು. ಅದರ ಗಾಲಿಗೆ ಒರಗಿ ಬೀರಲಿಂಗಪ್ಪ ಕೂತಿದ್ದ.

"ಏನಪಾ ಬೀರಲಿಂಗಪ್ಪ, ಪೈರ ಕೊಯ್ಯಾಕ ಟ್ರ್ಯಾಕ್ಟರ್ ತಂದೀಯೇನು?"

"ಇಲ್ರಿ ಸಾವಕಾರ್ರ, ಸುಮ್ನ ನಿಂತೈತಿ. ದಾರಿ ರೂಢಿ ಆಗ್ಲಿ ಅಂತ."

ಮಾಳವ್ವ ಅವನ ಕಡೆ ನೋಡದೆ ನನ್ನನ್ನು ಸಾಲಿನೊಳಗೆ ಕರೆದುಕೊಂಡು ಹೋದಳು. ಕಾಲಿಟ್ಟೊಡನೆ ಎರಡೂ ಕಡೆಯಿಂದ ಬಿಳಿಯ ಹುಳಗಳು ಎದ್ದವು. ಮಾರು ದೂರ ಹಾರಿ ಮತ್ತೆ ಕೂತವು. ಇನ್ನೊಂದು ಹೆಜ್ಜೆ ಇಟ್ಟರೆ ಮತ್ತೆ ಎದ್ದವು. ಮಾಳವ್ವನ ಸ್ವಭಾವವೇ! ಕೂತಾಗ ರೆಕ್ಕೆಯನ್ನು ಮೈಗೆ ಸುತ್ತಿಕೊಂಡು ಬೀಡಿಯ ತುಂಡಿನಷ್ಟಾಗುತ್ತಿದ್ದವು. ಹಾಲುಬಿಳಿ ರೆಕ್ಕೆಯ ಮೇಲೆ ಕುಂಕುಮದ ಚುಕ್ಕಿಗಳ ಸಾಲು. ಅವುಗಳ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಬೊಟ್ಟುಗಳು. ಹಾರುವಾಗ ಮಾತ್ರ ಒಳರೆಕ್ಕೆ ಕಾಣುತ್ತಿತ್ತು. ಬಿಳಿ ಸೀರೆಗೆ ಕಪ್ಪು ದಡಿ, ಅದೂ ಬೆಟಗೇರಿಯ ನೇಕಾರ ಕಣ್ಣು ಮುಚ್ಚಿ ನೇಯ್ದ ಹಾಗೆ ಅಂಕುಡೊಂಕು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹೂವಿನ ಮೇಲೆ ಕೂತು ಕೂದಲೆಳೆಯಂಥ ನಳಿಗೆ ಚಾಚಿ ಮಧು ಹೀರುತ್ತಿದ್ದವು. ಪತಂಗವೆಂದರೆ ಕತ್ತಲಾದ ಮೇಲೆ ದೀಪಕ್ಕೆ ಬೀಳುವ ಜಾತಿ ಎಂದು ತಿಳಿದವರು ನಾವು. ಹಾಡುಹಗಲಲ್ಲಿ ಹಾರುವ ಇದನ್ನು ಯಾರೂ ಪತಂಗ ಎನ್ನಲಿಲ್ಲ.

"ಕುಂಕುಮದ ಹುಳ ರೀ," ಎಂದಳು ಮಾಳವ್ವ. "ಅರಿಷಿಣದ ಹೂವಿಗೆ ಕುಂಕುಮ ಹಚಗೊಂಡು ಬಂದಾವು ಅಂದ್ರ ಲಕ್ಷ್ಮೀ ಬಂದಂಗ ಅಂತಾಳ ನಮ್ಮತ್ತಿ. ಕೋಳಿ ಸೈತ ಕಚ್ಚಿ ಬಿಟ್ಟುಬಿಡ್ತಾವು. ದೇವರ ಹುಳ ಅಂತ ಅವಕ್ಕೂ ಗೊತ್ತೈತಿ."

ಶೀಗಿ ಹುಣ್ಣಿಮೆ ಇನ್ನೂ ಮುಂದಿತ್ತು. ಆ ದಿನ ನಮ್ಮ ಕಡೆ ಭೂಮಿತಾಯಿ ಬಸುರಿ ಹೆಣ್ಣುಮಗಳು. ಮನೆಯಲ್ಲಿ ಬಗೆಬಗೆಯ ಅಡಿಗೆ ಮಾಡಿ, ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಬಯಕೆಯ ಊಟ ಬಡಿಸುತ್ತೇವೆ. ಹೊಲದ ಸುತ್ತ ಅನ್ನ ಚೆಲ್ಲುತ್ತೇವೆ. ಅದಕ್ಕೆ ಚರಗ ಅನ್ನುತ್ತಾರೆ. ಮುದುಕವ್ವ ಆಜ್ಞೆ ಹೊರಡಿಸಿದ್ದಳು: ಚರಗ ಮುಗಿಯುವ ತನಕ ಕುಂಕುಮದ ಹುಳವನ್ನು ಯಾರೂ ಓಡಿಸಬಾರದು. "ಉಣ್ಣಾಕ ಬಂದ ಬೀಗರನ್ನ ಹೊರಗ ಹಾಕತಾರೇನು?"

ಕಾಯಿ ಕಟ್ಟತೊಡಗಿದ ಮೇಲೆ ಮಾಳವ್ವ ಸಂತೆಯ ದಿನ ಅಂಗಡಿಗೆ ಬಂದಳು. ಬಂದವಳು ಕಟ್ಟೆ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು.

"ಏನಾತಬೇ?"

"ಹುಳ ಬಿದ್ದೈತ್ರಿ. ಮೈತುಂಬ ಕೂದಲ. ಬೂದು ಮೈ, ಅದರ ಮ್ಯಾಲೆ ಕಿತ್ತಳಿ ಪಟ್ಟಿ. ಎಲಿ ತಿಂದದ್ದು ಸಾಲಲಿಲ್ಲಂತ ಈಗ ಕಾಯಿಗೆ ತೂತು ಹಾಕಿ, ತಲಿ ಒಳಗಿಟ್ಟು ಬಾಲ ಹೊರಗಿಟ್ಟು ಎಳಿ ಕಾಳು ತಿನ್ನಾಕ ಹತ್ಯಾವು. ಆರಿಸಿ ಆರಿಸಿ ಸಾಕಾತು. ಕೋಳಿಗೆ ಹಾಕಿದ್ರ ಅವೂ ಮುಟವಲ್ವು, ಅಷ್ಟು ಹೊಲಸ ಹುಳ."

ಬಿಳಿಯ ಹುಳವನ್ನು ತಿನ್ನಲಿಲ್ಲ, ಆದ್ದರಿಂದ ಅದು ದೇವರದು. ಕೂದಲ ಹುಳವನ್ನು ತಿನ್ನಲಿಲ್ಲ, ಆದ್ದರಿಂದ ಅದು ಹೊಲಸು. ಅದೇ ಕೋಳಿ, ಎರಡು ತೀರ್ಪು. ಆ ಹೊತ್ತಿಗೆ ಇದು ನನಗೂ ಹೊಳೆಯಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

"ಪುಣ್ಯಾಕ ಕುಂಕುಮದ ಹುಳ ಕಾವಲಿ ಅದಾವ್ರಿ," ಎಂದಳು. "ಎಲ್ಲಿ ಈ ಹೊಲಸ ಹುಳ ಹೆಚ್ಚಿಗಿ ಐತಿ, ಅಲ್ಲೇ ಬಂದು ಕುಂದರ್ತಾವು. ನಿಗಾ ಇಡಾಕ."

ನಾನು ಕೂತಲ್ಲಿಂದಲೇ ಕೈಚಾಚಿ ಒಂದು ಔಷಧದ ಬಾಟಲಿ ಇಳಿಸಿದೆ. "ತಗೋ. ಎಲ್ಲಾ ಹುಳಕ್ಕೂ ಇದ ಮದ್ದು."

"ಎಲ್ಲಾ ಹುಳಕ್ಕೂ ಬ್ಯಾಡ್ರಿ. ದುಂಬಿ ಸತ್ರ ಇದ್ದ ಹೂವು ಕಾಯಿ ಆಗೂದು ಹ್ಯಾಂಗ? ಕುಂಕುಮದ ಹುಳ ಸತ್ರ ನಮ್ಮತ್ತಿ ಮನಿಯೊಳಗ ಇಟ್ಟಕೊಳ್ತಾಳೇನು? ಈ ಹೊಲಸ ಹುಳಕ್ಕಷ್ಟ ಹತ್ತೂದು ಕೊಡ್ರಿ."

ಹೀಗೆಂದು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಗಾಜಿನ ಉಪ್ಪಿನಕಾಯಿ ಬರಣಿಯನ್ನು ನನ್ನ ತಕ್ಕಡಿಯ ಮೇಲಿಟ್ಟಳು. ಒಳಗೆ ಸೆಣಬಿನ ಕಾಯಿ, ಕೆಲವು ಹುಳ. ಬಾಯಿಗೆ ತೆಳು ಬಟ್ಟೆ ಬಿಗಿದಿದ್ದಳು. ನಾನು ಫೋನಿನಲ್ಲಿ ಫೋಟೋ ಹೊಡೆದು ಔಷಧದ ಕಂಪನಿಯವನಿಗೆ ಕಳಿಸಿದೆ. ಮರುಗಳಿಗೆಯಲ್ಲೇ ಉತ್ತರ ಬಂತು. ಬಾಟಲಿಯ ಹೆಸರಿತ್ತು, ಹುಳದ ಹೆಸರಿರಲಿಲ್ಲ.

"ನೋಡವಾ, ಅವನೂ ಅದನ್ನ ಹೇಳ್ಯಾನ."

"ಅಂವ ನೋಡೇ ಇಲ್ಲ, ನೀವೂ ನೋಡೇ ಇಲ್ಲ." ಮಾಳವ್ವ ಹೊರಡುತ್ತಲೇ ಮಾತಾಡಿದಳು. "ನೋಡದ ಮಾಲು ತೂಗಂಗಿಲ್ಲ ಅಂತ ನಿಮ್ಮಪ್ಪಾರ ಕಾಲದಿಂದ ಹೇಳ್ಕೋತ ಬಂದೀರಿ. ಹುಳಾನ ಮದಲ ನೋಡ್ರಿ, ಆಮ್ಯಾಲೆ ಬಾಟ್ಲಿ ಇಳಸ್ರಿ. ಬರಣಿ ಇಲ್ಲೇ ಇರ್ಲಿ."

ಹೀಗೆ ಹುಳಗಳು ನನ್ನ ಹಣದ ಗಲ್ಲೆಯ ಪಕ್ಕ ವಾಸಕ್ಕೆ ಬಂದವು. ಬಂದ ಗಿರಾಕಿಗಳೆಲ್ಲ ಕೇಳುವವರೇ: "ಏನ್ರಿ ಸಾವಕಾರ್ರ, ಹೊಸಾ ಉಪ್ಪಿನಕಾಯೇನು?" ಮಾಳವ್ವ ಸಂತೆಗೆ ಬಂದಾಗ ಹೊಸ ಕಾಯಿ ತಂದು ಹಾಕುತ್ತಿದ್ದಳು, ಹಿಕ್ಕೆ ಝಾಡಿಸುತ್ತಿದ್ದಳು. ಹುಳಗಳು ತಿಂದವು, ಚರ್ಮ ಕಳಚಿದವು, ದಪ್ಪಾದವು, ಮತ್ತೆ ತಿಂದವು. ತೂಕದಲ್ಲಿ ಮೋಸವಿಲ್ಲದ ಬೆಳವಣಿಗೆ. ಒಂದು ದಿನ ತಿನ್ನುವುದನ್ನು ಬಿಟ್ಟು ಬರಣಿಯೊಳಗೆ ಸುತ್ತು ಹೊಡೆಯತೊಡಗಿದವು. ಗಾಜಿನ ಗುಂಟ ಮೇಲೆ, ಕೆಳಗೆ, ಮತ್ತೆ ಮೇಲೆ. ನನಗೆ ಬೇರೆ ಕೆಲಸ ಹತ್ತದಾಯಿತು. ಕೊನೆಗೆ ತಳದ ಒಣ ಎಲೆಯೊಳಗೆ ಸೇರಿ, ಮೈಮೇಲೆ ತೆಳ್ಳಗೆ ಬಲೆ ಹೆಣೆದುಕೊಂಡು ಸುಮ್ಮನಾದವು.

"ಸತ್ವು," ಎಂದೆ ಮಾಳವ್ವನಿಗೆ.

ಆಕೆ ಎಲೆ ಸರಿಸಿ ತೋರಿಸಿದಳು. ಬಲೆಯೊಳಗೆ ಹುಣಸೆ ಬೀಜದಂತೆ ಮಿಂಚುವ ಕಂದು ಬಣ್ಣದ ಕೋಶಗಳಿದ್ದವು. ಕಡ್ಡಿಯಿಂದ ಮುಟ್ಟಿದರೆ ಒಂದರ ತುದಿ ಅಲುಗಿತು. "ಸತ್ತದ್ದು ಹಿಂಗ ಅಲಗತೈತೇನ್ರಿ? ಇರ್ಲಿ, ಏನ ಹೊರಡತೈತಿ ನೋಡೂನು."

ಈ ನಡುವೆ ಬೀರಲಿಂಗಪ್ಪ ಒಮ್ಮೆ ಅಂಗಡಿಗೆ ಬಂದ. ಸ್ಟೂಲಿನ ಮೇಲೆ ಕೂತ. ಆ ಮನೆಯಲ್ಲಿ ಕೂಡ್ರುವ ಕೆಲಸವನ್ನೆಲ್ಲ ಅವನೇ ವಹಿಸಿಕೊಂಡಿದ್ದಾನೆ.

"ತೂತಿನ ಕಾಳು ತಗೋತೀರೇನ್ರಿ?"

"ಇಲ್ಲಪಾ."

"ಅಷ್ಟ ಬೇಕಾಗಿತ್ರಿ ನನಗ," ಎಂದು ಎದ್ದು ಹೋದ. ಆ ದಿನದಿಂದ ನನಗೂ ಕೂತಲ್ಲಿ ಕೂಡ್ರಲಾಗಲಿಲ್ಲ. ವ್ಯಾಪಾರಸ್ಥನಿಗೆ ಇದು ಒಳ್ಳೆಯ ಲಕ್ಷಣವಲ್ಲ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಬರಣಿಯೊಳಗೆ ಒಂದು ಕುಂಕುಮದ ಹುಳ ಕೂತಿತ್ತು. ಮಾಳವ್ವ ನನ್ನನ್ನು ಚೇಷ್ಟೆ ಮಾಡಲು ಹೊಲದಿಂದ ಹಿಡಿದು ಹಾಕಿದ್ದಾಳೆ ಎಂದು ಮೊದಲು ಅನುಮಾನಿಸಿದೆ. ಆದರೆ ಬಟ್ಟೆ ಬಿಗಿದದ್ದು ಬಿಗಿದಂತೆಯೇ ಇತ್ತು. ಹಬ್ಬದ ಸಾಮಾನಿಗೆ ಪೇಟೆಗೆ ಬಂದ ಮಾಳವ್ವ ಅಂಗಡಿ ಹತ್ತಿದಾಗ ಇಬ್ಬರೂ ಬರಣಿಗೆ ಮುಖ ಹಚ್ಚಿ ನಿಂತೆವು. ಉಳಿದ ಕೋಶಗಳಲ್ಲಿ ಒಂದು ಅಲುಗಿತು, ನೆತ್ತಿಯ ಹತ್ತಿರ ಸೀಳಿತು. ಒದ್ದೆಯಾದ, ಮುದುರಿದ, ಯಾವ ಅಂದವೂ ಇಲ್ಲದ ಒಂದು ಹುಳ ಹೊರಗೆ ಜಾರಿ, ಕಡ್ಡಿ ಹಿಡಿದು ಮೇಲೇರಿ ಜೋತುಬಿತ್ತು. ಸುಕ್ಕಾದ ರೆಕ್ಕೆ ನಿಧಾನಕ್ಕೆ ಇಳಿಬಿತ್ತು. ಮಡಿಕೆಯಿಂದ ಮಡಿಕೆಗೆ ಬಿಳುಪು ಹರಡಿತು. ಆಮೇಲೆ ಒಂದೊಂದಾಗಿ ಕುಂಕುಮದ ಚುಕ್ಕಿಗಳು.

ಮಾಳವ್ವ ಬರಣಿಯನ್ನು ನೋಡಿದಳು, ನನ್ನನ್ನು ನೋಡಿದಳು. ಸ್ಟೂಲನ್ನು ಎಳೆದುಕೊಂಡು ಕೂತಳು.

ಅಷ್ಟು ವರ್ಷಗಳಲ್ಲಿ ಅದೇ ಮೊದಲು.

"ಇದ ಅದು," ಎಂದಳು ಸಣ್ಣ ದನಿಯಲ್ಲಿ. "ನಾ ದಿನಾ ಅದರ ಮರಿ ಕೊಂದು, ಅದಕ್ಕ ಕೈ ಮುಗದು ಬಂದೆ. ಅದು ನಿಗಾ ಇಡಾಕ ಕುಂತಿದ್ದಿಲ್ರಿ, ತತ್ತಿ ಇಡಾಕ ಕುಂತಿತ್ತು. ಸೆಣಬಿನ ಕಾಯಿ ಕುರಿಗೆ ಆಗಿಬರಂಗಿಲ್ಲ ಅಂತ ನಮ್ಮನಿಯವ್ರು ಹೇಳತಿರತಾರ. ಆ ವಿಷಾನ ತಿಂದು ಬೆಳದೈತಿ, ಅದಕ್ಕ ಕೋಳಿ ಒಲ್ಲೆಂತಾವು. ದೇವರೂ ಅಲ್ಲ, ಏನೂ ಅಲ್ಲ."

"ನಿಮ್ಮತ್ತಿಗೆ ಹೇಳತೀಯೇನು?"

"ಬೀರಣ್ಣನ ಮುಂದ ಹ್ಯಾಂಗ ಹೇಳ್ಲಿ? ಲಕ್ಷ್ಮೀ ಅಂದದ್ದು ಹುಳ ಅಂತಾತು, ಹೊಲಾನೂ ಕೆಟ್ಟೈತಿ ಅಂತ ನಾಳೆ ಟ್ರ್ಯಾಕ್ಟರ್ ಇಳಸ್ತಾನ. ಹೇಳಲಿಲ್ಲಂದ್ರ ಇದ್ದ ಕಾಯಿ ಇವು ತಿಂದು ಮುಗಸ್ತಾವು, ಆಗೂ ಇಳಸ್ತಾನ."

ಎದ್ದಳು. ಬರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿನ ಕಡೆ ಹೊರಟಳು. ತೆಗೆದುಕೊಂಡ ಹಬ್ಬದ ಬೆಲ್ಲ ನನ್ನ ಕಟ್ಟೆಯ ಮೇಲೆಯೇ ಉಳಿಯಿತು.

ಮರುದಿನ ಆ ಬೆಲ್ಲ ಹಿಡಿದುಕೊಂಡು ನಾನೇ ಹೊಲಕ್ಕೆ ಹೋದೆ. ಊಟಕ್ಕೆ ಕರೆದಿದ್ದರು, ನೆಪವೂ ಬೇಕಾಗಿರಲಿಲ್ಲ. ಬನ್ನಿಗಿಡದ ಕೆಳಗೆ ಪೂಜೆಗೆ ಇಟ್ಟಿದ್ದರು. ನಮ್ಮ ಕಡೆ ಐದು ಕಲ್ಲು ಆರಿಸಿ, ಸುಣ್ಣ ಬಳಿದು ಪಾಂಡವರೆಂದು ಕೂಡಿಸುತ್ತಾರೆ. ಅವರ ಹಿಂದೆ, ಕಾಣಿಸಿಯೂ ಕಾಣಿಸದ ಹಾಗೆ, ಇನ್ನೊಂದು ಕಲ್ಲು. ಅದು ಕಳ್ಳ. ಕಳ್ಳನಿಗೂ ಎಡೆ ಉಂಟು, ಆದರೆ ಹಿಂದೆ. ಟ್ರ್ಯಾಕ್ಟರ್ ಬದುವಿನ ಮೇಲೆಯೇ ಇತ್ತು. ಯಾರೋ ಅದಕ್ಕೂ ಒಂದು ಹೂವು ಸಿಕ್ಕಿಸಿದ್ದರು. ಮಾಳವ್ವ ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಬುಟ್ಟಿ ಇಳಿಸಿದಳು, ಬದುವಿಗೆ ಹೋದಳು, ಬಂದಳು, ಹೊಳೆಯ ತುದಿಗೆ ಹೋದಳು, ಬಂದಳು. ಅವಳು ಹೋದಲ್ಲೆಲ್ಲ ಬಿಳಿಯ ಹುಳಗಳು ಎದ್ದು ಕೂತವು.

ಮುದುಕವ್ವ ಐದು ಕಲ್ಲಿಗೆ ಕಡಬು, ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ ಎಡೆ ಮಾಡಿದಳು. ಆಗ ಮಾಳವ್ವ ಬರಣಿಯನ್ನು ತಂದು ಕಳ್ಳನ ಕಲ್ಲಿನ ಪಕ್ಕ ಇಟ್ಟಳು.

"ಏನಬೇ ಅದು? ಪಾಂಡವ್ರಿಗೆ ಉಪ್ಪಿನಕಾಯೇನು?"

"ಪಾಂಡವ್ರಿಗಲ್ಲ ಅತ್ತಿ. ಹಿಂದಿನಾವಗ."

ಮುದುಕವ್ವ ಬರಣಿ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಕಾಯಿಯೊಳಗೆ ತಲೆಯಿಟ್ಟ ಒಂದು ಕೂದಲ ಹುಳ, ಒಡೆದ ಕಂದು ಕೋಶಗಳು, ಕಡ್ಡಿಯ ಮೇಲೆ ಎರಡು ಕುಂಕುಮದ ಹುಳ. ಕೂದಲ ಹುಳದ ಜೊತೆ ಹೊಸದಾಗಿ ಒಂದು ಎಲೆಯನ್ನೂ ಹಾಕಿದ್ದಳು. ಅದರ ಬೆನ್ನಿಗೆ ಗಸಗಸೆಯಂಥ ಹಳದಿ ತತ್ತಿಗಳು. ಮಾಳವ್ವ ಬೆರಳಿಟ್ಟು ಒಂದೊಂದಾಗಿ ತೋರಿಸಿದಳು: ಇದು ಇದಾಗುತ್ತದೆ, ಇದು ಇದಾಗುತ್ತದೆ. ಮುದುಕವ್ವ ನನ್ನ ಕಡೆ ತಿರುಗಿದಳು.

"ಖರೆ ಏನ್ರಿ?"

"ನನ್ನ ಗಲ್ಲೆ ಮುಂದ ಆತಬೇ. ನಾ ಕಣ್ಣಾರೆ ನೋಡೀನಿ."

"ಅಂದ್ರ ಇಷ್ಟು ದಿನಾ ಕಳ್ಳಗ ಕುಂಕುಮ ಹಚ್ಚಿ ಕುಂಡ್ರಿಸಿದ್ನೇನು ನಾನು?"

"ನೀವು ಹಚ್ಚಿಲ್ಲ ಅತ್ತಿ. ಅಂವ ಹಚಗೊಂಡ ಬಂದಾನ."

ಬೀರಲಿಂಗಪ್ಪ ರೊಟ್ಟಿ ಹಿಡಿದ ಕೈಯನ್ನು ಮೇಲೆತ್ತಿದ. "ನಾ ಅಂದಿದ್ದಿಲ್ಲೇನವ್ವಾ? ಹೊಲ ತುಂಬ ಹುಳಾನ ಅದಾವು. ಇದು ಬ್ಯಾಸಾಯ ಅಲ್ಲ, ಹುಳಾ ಸಾಕಾಣಿಕಿ. ಭಟ್ಟಿಯಾವ ಕಾಯಾಕ ಹತ್ಯಾನ."

ಮುದುಕವ್ವ ಬರಣಿಯನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿದಳು. ಗಾಳಿಗೆ ಸೆಣಬು ಹೊಯ್ದಾಡಿತು. ಮಾಳವ್ವನ ಕೈ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಬತ್ತಿ ಮಾಡಿಬಿಟ್ಟಿತ್ತು.

"ಬೀರ್ಯಾ," ಎಂದಳು ಮುದುಕಿ, "ಕಳ್ಳ ಸಿಕ್ಕ ಮ್ಯಾಲೆ ಯಾರರ ಮನಿ ಮಾರತಾರೇನ್ಲೇ? ಸಿಗೂದಕ್ಕಿಂತ ಮದಲ ಮಾರಿದ್ರ ಒಂದ ಮಾತು." ಬರಣಿಯನ್ನು ಮತ್ತೆ ಕಲ್ಲಿನ ಹಿಂದೆ ಇಟ್ಟು, ಅದರ ಮುಂದೆ ಅರ್ಧ ಕಡಬು ಹಾಕಿದಳು. "ಹೊಳಿ ಕಡೀ ಸಾಲು ಇವನಿಗೆ ಬಿಡ್ರಿ. ಅಷ್ಟ ಇವನ ಪಾಲು. ಉಳದ ಹೊಲದಾಗ ನಾಳಿಂದ ಒಂದೂ ಇರಬಾರ್ದು. ಕಾಳು ಬರೂ ತನಕಾ ನಾ ಕೊಟ್ಟ ಮಾತು ಕೊಟ್ಟದ್ದ."

ಮರುದಿನದಿಂದ ಓಣಿಯ ಹೆಣ್ಣುಮಕ್ಕಳು ಹೊಲಕ್ಕಿಳಿದರು. ಮೊದಲು ಮಾಳವ್ವನೊಬ್ಬಳೇ ಹುಳ ಮಾತ್ರ ಆರಿಸುತ್ತಿದ್ದಳು, ಈಗ ಎಲ್ಲರೂ ಸೇರಿ ಎಲೆ ಮಗುಚಿ ತತ್ತಿ ಒರೆಸಿದರು, ಉದುರಿದ ತರಗು ಗೋರಿ ಸುಟ್ಟರು. ಹಾರುವ ಹುಳಕ್ಕೆ ಮಾಳವ್ವನದೇ ಉಪಾಯ. ಹಳೆಯ ಸೀರೆಯೊಂದನ್ನು ಇಬ್ಬರು ಎರಡು ತುದಿ ಹಿಡಿದು ಸಾಲಿನ ಗುಂಟ ಓಡುವುದು. ಹುಳ ಎದ್ದು ಮಾರು ದೂರ ಹಾರುವಷ್ಟರಲ್ಲಿ ಸೀರೆಯೊಳಗೆ ಬೀಳುತ್ತಿತ್ತು. ಹಗಲು ಹಾರುವವನನ್ನು ಹಗಲೇ ಹಿಡಿಯಬಹುದು, ಅದೊಂದು ಅನುಕೂಲ. ಹಿಡಿಯುವವರಿಗೆ ಕೂಡ್ರುವ ಚಟ ಇರಬಾರದು ಅಷ್ಟೆ. ಮಾಳವ್ವನ ಜೊತೆ ಸೀರೆಯ ಇನ್ನೊಂದು ತುದಿ ಹಿಡಿದವರು ದಿನಕ್ಕೊಬ್ಬರು ಬದಲಾದರು. ಒಂದು ದಿನ ಭಟ್ಟಿಯವನ ಡ್ರೈವರ್ ಕೂಡ ಬೇಸರಕ್ಕೆ ಇಳಿದು ಹಿಡಿದನಂತೆ. ಬೀರಲಿಂಗಪ್ಪ ಅವನನ್ನು ಬೈದನಂತೆ.

ಕಾಯಿ ಒಣಗಿ ಗಾಳಿಗೆ ಗಿಲಿಗಿಲಿ ಅನ್ನತೊಡಗಿದ ಮೇಲೆ ಕೊಯ್ದು, ಬಡಿದು, ತೂರಿ ಕಾಳು ತಂದಳು. ಆಕೆ ಅಂದುಕೊಂಡಷ್ಟು ಬಂದಿರಲಿಲ್ಲ. ಜೊತೆಗೆ ಬೀರಲಿಂಗಪ್ಪ ಬಂದ, ಅವನ ಹಿಂದೆ ಕೋಲೂರಿಕೊಂಡು ಮುದುಕವ್ವ. ನಾನು ಚೀಲದ ಬಾಯಿ ನೋಡಲಿಲ್ಲ. ಮೋಸ ಇರುವುದು ತಳದಲ್ಲಿ. ಮೊಣಕೈ ತನಕ ಕೈಯಿಳಿಸಿ ಹಿಡಿ ತೆಗೆದೆ. ತಳವೂ ಬಾಯಿಯೂ ಒಂದೇ: ಗಟ್ಟಿ, ನುಣುಪು, ಹಸಿರು ಮಿಶ್ರಿತ ಕಪ್ಪು. ಇನ್ನೊಂದು ಚೀಲ, ಮತ್ತೊಂದು ಚೀಲ. ತೂತಿನ ಕಾಳು ಹುಡುಕಲು ನಾನು ಪಟ್ಟ ಕಷ್ಟ ನೋಡಿ ಮಾಳವ್ವ ಒಂದು ಸಣ್ಣ ಗಂಟು ಮುಂದಿಟ್ಟಳು.

"ಅದು ಇಲ್ಲೈತ್ರಿ. ಕಳ್ಳನ ಪಾಲು. ಬ್ಯಾರೆ ಮಾಡೀನಿ."

"ಪಾಸ್," ಎಂದೆ. ಅದಕ್ಕಿಂತ ಹೆಚ್ಚಿನ ಹೊಗಳಿಕೆ ನನ್ನ ಅಂಗಡಿಯಲ್ಲಿಲ್ಲ.

ಮುದುಕವ್ವ ಬೀರಲಿಂಗಪ್ಪನಿಗೆ, "ಟ್ರ್ಯಾಕ್ಟರ್ ತಗೊಂಡು ಹೋಗಂತ ಹೇಳಲೇ ಭಟ್ಟಿಯಾವಗ," ಎಂದಳು. "ಮುಂದಿನ ವರ್ಷದ ಮಾತು ಮುಂದಿನ ವರ್ಷ ನೋಡೂನು," ಎಂದ ಅವನು. ಅದು ಕೇಳಿಸಿದ ಕ್ಷಣವೇ ಮಾಳವ್ವ ಮುಂದಿನ ಬಿತ್ತನೆಗೆ ಬೀಜದ ಚೀಲಗಳನ್ನು ಊದತೊಡಗಿದ್ದಳು. ಟ್ರ್ಯಾಕ್ಟರ್ ಹೋಯಿತು. ಬದುವಿನ ಮೇಲೆ ಅದರ ಗಾಲಿಯ ಗುರುತು ಇನ್ನೂ ಇದೆ.

ಈಗ ನನ್ನಲ್ಲಿಗೆ ಯಾರಾದರೂ ಹುಳ ಬಿದ್ದಿದೆ, ಔಷಧ ಕೊಡಿ ಎಂದು ಬಂದರೆ ನಾನು ಬಾಟಲಿ ಇಳಿಸುವುದಿಲ್ಲ. ಗಾಜಿನ ಬರಣಿ ಕೊಟ್ಟು, ಹುಳವನ್ನೂ ಅದು ತಿನ್ನುವುದನ್ನೂ ಹಾಕಿಕೊಂಡು ಬಾ ಎನ್ನುತ್ತೇನೆ. ಬಾಟಲಿಯ ವ್ಯಾಪಾರ ಕಡಿಮೆಯಾಗಿದೆ. ಮಾಳವ್ವನ ಬರಣಿ ಮಾತ್ರ ಒಂದು ದಿನವೂ ಖಾಲಿ ಇರುವುದಿಲ್ಲ. ಹಬ್ಬದ ಊಟ ಮುಗಿದ ಮೇಲೆ ಇನ್ನೊಮ್ಮೆ ನೋಡಿ ಮರಳಿ ಕೊಡುತ್ತೇನೆಂದು ಕಳ್ಳನ ಕಲ್ಲಿನ ಹತ್ತಿರದಿಂದ ನಾನೇ ಎತ್ತಿಕೊಂಡು ಬಂದದ್ದು ಅದು. ಸದ್ಯ ಅಂತೂರ ಬೆಂತೂರ ಊರಿನವರೊಬ್ಬರ ಮೆಣಸಿನ ಗಿಡದ ಹುಳ ಅದರೊಳಗಿದೆ. ಪ್ರತಿ ಸಂತೆಗೂ ಮಾಳವ್ವ ಅಂಗಡಿಗೆ ಬರುತ್ತಾಳೆ, ಸ್ಟೂಲನ್ನು ಪಕ್ಕಕ್ಕಿಡುತ್ತಾಳೆ, ನಿಂತುಕೊಂಡೇ ಕೇಳುತ್ತಾಳೆ:

"ನನ್ನ ಬರಣಿ ಎಲ್ಲೈತ್ರಿ ಸಾವಕಾರ್ರ?"

ಕೊರ್ಲಹಳ್ಳಿಯ ಮಾಳವ್ವನಿಗೆ ನಾನು ಒಂದು ಉಪ್ಪಿನಕಾಯಿ ಬರಣಿ ಕೊಡಬೇಕು.